ಹರಳುಗಟ್ಟದ ಪಾಕ

"ಬರ್ನರ್ ಎಲ್ಲಿ?" ಎಂದು ಕೇಳಿದರು ದೊಡ್ಡವರು.

ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ಅವರು ಕಣ್ಣು ಹಾಯಿಸಿದ ರೀತಿ ನೋಡಿದರೆ, ಯಾರೋ ಅವರನ್ನು ಊಟಕ್ಕೆ ಕರೆದು ಎಂಜಲು ತಟ್ಟೆಯ ಮುಂದೆ ಕೂರಿಸಿದ್ದಾರೆ ಎಂದುಕೊಳ್ಳಬೇಕು. ಮಕ್ಕಳು ಕೈವಾರದ ಮೊನೆಯಿಂದ ಕೆತ್ತಿದ ಹೆಸರುಗಳು, ಒಂದು ಕಾಲು ಕುಂಟುವ ಸ್ಟೂಲು, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ. ಎಲ್ಲವನ್ನೂ ನೋಡಿ ಮೂಗಿನಲ್ಲೇ ಒಂದು ಸದ್ದು ಮಾಡಿದರು.

"ಇದೆ, ಕೊಡಲ್ಲ," ಎಂದರು ಟೀಚರ್. "ಸ್ಪಿರಿಟ್ ಕಾಯ್ಸೋಕೆ ಬೆಂಕಿ ಕೇಳೋ ಹುಡುಗರನ್ನ ನಾನು ಕ್ಲಾಸಿಂದ ಆಚೆ ನಿಲ್ಲಿಸ್ತೀನಿ. ನಿಮ್ಮನ್ನ ಹೇಗೆ ನಿಲ್ಲಿಸೋದು ಹೇಳಿ, ವಯಸ್ಸಾದೋರು."

ಬಾಗಿಲ ಬಳಿ ನಿಂತಿದ್ದ ಇನ್‌ಸ್ಪೆಕ್ಟರ್ ತುಟಿ ಕಚ್ಚಿಕೊಂಡಳು. ಟೀಚರ್ ಅವಳ ಸ್ವಂತ ಅಕ್ಕ. ಆ ನಾಲಿಗೆಯ ಏಟನ್ನು ಚಿಕ್ಕಂದಿನಿಂದ ತಿಂದು ಬೆಳೆದವಳಿಗೆ, ಅದು ಇನ್ನೊಬ್ಬರ ಬೆನ್ನಿಗೆ ಬೀಳುವುದನ್ನು ನೋಡುವುದೇ ಒಂದು ಹಬ್ಬ.

ಈ ಮುದುಕರನ್ನು ಇಲ್ಲಿಗೆ ಎಳೆದು ತಂದ ಕಾರಣ ಒಂದೇ: ಆಸ್ಪತ್ರೆಯಲ್ಲಿ ಮುಖಕ್ಕೂ ಕೈಗೂ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ ಅವರ ಸೊಸೆ.

ಸೊಸೆ ಕೆಲಸ ಮಾಡುತ್ತಿದ್ದದ್ದು ಮಾವನೇ ಮುಖ್ಯಸ್ಥರಾಗಿದ್ದ ಔಷಧ ಸಂಶೋಧನೆಯ ಲ್ಯಾಬಿನಲ್ಲಿ. ಅಲ್ಲಿ ಅವರನ್ನು ಎಲ್ಲರೂ ಕರೆಯುವುದು ದೊಡ್ಡವರು ಎಂದೇ. ಅವಳು ತಯಾರಿಸಿದ ಹೊಸ ವಸ್ತು ತಿಂಗಳುಗಟ್ಟಲೆ ಜೇನುತುಪ್ಪದಂಥ ಹಳದಿ ಪಾಕವಾಗಿಯೇ ಉಳಿದಿತ್ತು. ಪಾಕದಲ್ಲಿ ಕೊಳೆ ಎಷ್ಟು, ಸರಕು ಎಷ್ಟು ಎಂದು ಹೇಳುವವರಿಲ್ಲ. ಹರಳುಗಟ್ಟಿದರೆ ಮಾತ್ರ ಅದು ಶುದ್ಧ, ಆಮೇಲೆ ಅದರ ಗುಣ ಪರೀಕ್ಷೆ, ಔಷಧದ ಮಾತು. ಕೊನೆಗೊಂದು ದಿನ ಹರಳು ಬಂತು, ಒಂದು ಸಣ್ಣ ಶೀಶೆಯ ತುಂಬ ತೆಗೆದಿಟ್ಟಿದ್ದೆ ಎನ್ನುತ್ತಾಳೆ ಸೊಸೆ. ಮಿಕ್ಕಿದ್ದನ್ನು ಇನ್ನೊಮ್ಮೆ ಶುದ್ಧ ಮಾಡಲು ಕರಗಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ಕೈ ಬಂತು. ಬಿಳಿ ಕೋಟಿನ ತೋಳು. ಫ್ಲಾಸ್ಕಿನೊಳಗೆ ಏನೋ ಬಿದ್ದ ಸದ್ದು. ಆಮೇಲೆ ಕುದಿಯುವ ದ್ರಾವಕವೆಲ್ಲ ಬುಗ್ಗೆಯ ಹಾಗೆ ಮುಖಕ್ಕೆ ಎದ್ದಿತು. ಶೀಶೆ ಅವತ್ತೇ ಮಾಯ.

ದೊಡ್ಡವರ ಕಥೆ ಬೇರೆ. ಶೀಶೆಯೂ ಇರಲಿಲ್ಲ, ಹರಳೂ ಇರಲಿಲ್ಲ, ತೋಳಂತೂ ಇರಲೇ ಇಲ್ಲ. ಸುಳ್ಳು ಹೇಳಿ ಹೆಸರು ಮಾಡಲು ಹೊರಟವಳು ಎಡವಟ್ಟು ಮಾಡಿಕೊಂಡಳು ಎಂದು ಸಹಿ ಹಾಕಿ ಕೊಟ್ಟಿದ್ದರು. ನಾಳೆ ಲ್ಯಾಬಿನ ಹಿರಿಯರ ಸಭೆ. ಅಲ್ಲಿ ಆ ಮಾತು ನಿಂತರೆ ಅವಳ ಕೆಲಸ ಹೋಗುತ್ತದೆ, ಸುಳ್ಳುಗಾತಿ ಎಂಬ ಹಣೆಪಟ್ಟಿ ಅಂಟುತ್ತದೆ, ಇನ್ನು ಯಾವ ಲ್ಯಾಬಿನವರೂ ಅವಳನ್ನು ಬಾಗಿಲೊಳಗೆ ಸೇರಿಸುವುದಿಲ್ಲ.

ಆ ಕಾಗದವನ್ನು ಓದಿದ ಕ್ಷಣದಿಂದ ಇನ್‌ಸ್ಪೆಕ್ಟರಿಗೆ ದೊಡ್ಡವರನ್ನು ಕಂಡರೆ ಹೇಸಿಗೆ. ಸುಟ್ಟುಕೊಂಡು ಮಲಗಿದ ಮಗನ ಹೆಂಡತಿಯ ಬಗ್ಗೆ ಮನುಷ್ಯನಾದವನು ಹೀಗೆ ಬರೆಯುತ್ತಾನೆಯೇ?

ಇಲ್ಲಿಗೆ ಬರಲು ಅವರು ಸುಲಭವಾಗಿ ಒಪ್ಪಿರಲಿಲ್ಲ. ಶಾಲೆಯ ಕೋಣೆಯಲ್ಲಿ, ಶಾಲೆಯ ಟೀಚರ ಎದುರಿಗೆ ತಾನು ಪ್ರಯೋಗ ಮಾಡಿ ತೋರಿಸಬೇಕೇ ಎಂದು ಸಿಡುಕಿದ್ದರು. ಬೇಡ ಬಿಡಿ, ಸೊಸೆಗೆ ಬಂದ ವಿದ್ಯೆ ಮಾವನಿಗೆ ಬರಲಿಲ್ಲವಂತೆ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ ಅಷ್ಟೇ, ಎಂದಿದ್ದಳು ಇನ್‌ಸ್ಪೆಕ್ಟರ್. ಮಾತು ಮುಗಿಯುವ ಮೊದಲೇ ದೊಡ್ಡವರು ಚಪ್ಪಲಿ ಹುಡುಕುತ್ತಿದ್ದರು. ಅಹಂಕಾರದವರನ್ನು ಕರೆತರುವುದಕ್ಕೆ ವಾರಂಟು ಬೇಕಿಲ್ಲ.

ಅವರು ಬಂದದ್ದು ತೋರಿಸುವುದಕ್ಕೆ: ಈ ಪಾಕ ಯಾರ ಕೈಯಲ್ಲೂ ಹರಳುಗಟ್ಟುವುದಿಲ್ಲ, ಆದ್ದರಿಂದ ಸೊಸೆ ಹೇಳಿದ್ದೆಲ್ಲ ಸುಳ್ಳು.

ಅಕ್ಕ ತಂಗಿಯರು ಅವರನ್ನು ಕರೆಸಿದ್ದು ಬೇರೆ ಕಾರಣಕ್ಕೆ. ಅದು ಟೀಚರ ತಲೆಯಲ್ಲಿ ಹುಟ್ಟಿದ ಹಂಚಿಕೆ. ಹಾಲಿಗೆ ಹೆಪ್ಪು ಬೇಕಲ್ಲ, ಹಾಗೆಯೇ ಕೆಲವು ವಸ್ತುಗಳು ಹರಳುಗಟ್ಟಲು ಅದೇ ವಸ್ತುವಿನ ಒಂದು ಕಣ ಬೇಕು. ಕಣ್ಣಿಗೆ ಕಾಣದ ಧೂಳಾದರೂ ಸಾಕು. ಹರಳನ್ನು ಮುಟ್ಟಿದವರ ಮೈಮೇಲೆ ಆ ಧೂಳು ಕೂತಿರುತ್ತದೆ, ತೊಳೆದರೂ ಬೇಗ ಬಿಡುವುದಿಲ್ಲ. ಗಡ್ಡ ಬಿಟ್ಟ ರಸಾಯನಶಾಸ್ತ್ರಿ ಬಗ್ಗಿ ನೋಡಿದರೆ ಸಾಕು, ಹಟ ಹಿಡಿದ ಪಾಕವೂ ಹರಳಾಗುತ್ತದೆ ಎಂದು ಕಾಲೇಜಿನಲ್ಲಿ ತಮಾಷೆ ಮಾಡುತ್ತಿದ್ದರಂತೆ.

ದೊಡ್ಡವರಿಗೆ ಗಡ್ಡವಿತ್ತು. ಬೆಳ್ಳಗೆ, ಅಂಚು ಕತ್ತರಿಸಿ ಬಾಚಿದ, ಮಾತಿಗೊಮ್ಮೆ ನೇವರಿಸಿಕೊಳ್ಳುವ ಗಡ್ಡ. ಇನ್‌ಸ್ಪೆಕ್ಟರ್ ಅದರಿಂದ ಕಣ್ಣು ಕೀಳಲಿಲ್ಲ.

ಅವಳನ್ನು ಮಾತ್ರ ಅಕ್ಕ ಬಾಗಿಲಲ್ಲೇ ತಡೆದಿದ್ದರು. ನೀನು ಆ ಲ್ಯಾಬಿನೊಳಗೆ ಓಡಾಡಿ ಬಂದವಳು, ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ್ದೀಯ ಅನ್ನೋದನ್ನ ನಂಬೋಕೆ ನಾನೇನು ನಿನ್ನ ಅಮ್ಮನಾ, ಅಲ್ಲೇ ನಿಂತ್ಕೋ ಎಂದಿದ್ದರು. ಲ್ಯಾಬಿಗೆ ಸೀಲು ಹಾಕಿದ ಮೇಲೆ ಅಲ್ಲಿಂದ ಒಂದು ಕಡ್ಡಿಯೂ ಆಚೆ ಬಂದಿರಲಿಲ್ಲ, ತಣ್ಣನೆ ಪೆಟ್ಟಿಗೆಯಲ್ಲಿದ್ದ ಹಳೆಯ ಪಾಕದ ಬಾಟಲಿಯೊಂದರ ಹೊರತು. ಅದರ ಬಿರಡೆಯನ್ನು ಬಿಚ್ಚಿದ್ದು ಇಲ್ಲೇ, ಎಲ್ಲರ ಎದುರಿಗೆ.

"ಕಣ್ಣಿಗೆ ಇದನ್ನ ಹಾಕ್ಕೊಳ್ಳಿ," ಎಂದು ಟೀಚರ್ ಮಕ್ಕಳ ರಕ್ಷಣಾ ಕನ್ನಡಕವೊಂದನ್ನು ಮುಂದೆ ಹಿಡಿದರು.

"ನಂಗೆ ಕನ್ನಡಕ ಇದೆ."

"ಅದು ಪೇಪರ್ ಓದೋಕೆ."

ದೊಡ್ಡವರು ಹಾಕಿಕೊಂಡರು. ಮಕ್ಕಳ ಅಳತೆಯದು, ಕಿವಿಯ ಮೇಲೆ ಬಿಗಿದು ಕೂತಿತು. ಮೈಮೇಲಿನ ಬಿಳಿ ಕೋಟು ಅದಕ್ಕೆ ಉಲ್ಟಾ, ಅವರಿಗಿಂತ ಒಂದು ಸುತ್ತು ದೊಡ್ಡದು. ತೋಳನ್ನು ಮಡಿಚಿ ಮಡಿಚಿ ಮುಂಗೈಗೆ ತಂದಿದ್ದರು. ಮನುಷ್ಯ ಒಳಗೊಳಗೇ ಕುಗ್ಗಿದರೂ ಕೋಟಿನ ಅಳತೆ ಮಾತ್ರ ಇಳಿಸಲೊಲ್ಲ ಎಂದುಕೊಂಡಳು ಇನ್‌ಸ್ಪೆಕ್ಟರ್. ಆ ಮಾತು ಅವಳಿಗೇ ಬಹಳ ಹಿಡಿಸಿತು.

ಟೀಚರ್ ಬಿಸಿನೀರನ್ನು ಪಕ್ಕದ ಕೋಣೆಯಲ್ಲಿ ಕಾಯಿಸಿ ಅಗಲವಾದ ಪಾತ್ರೆಯಲ್ಲಿ ತಂದಿಟ್ಟರು. ಕಿಟಕಿಗಳು ತೆರೆದಿದ್ದವು. ಸ್ಪಿರಿಟ್ಟಿನ ಆವಿ ಬೆಂಕಿಯನ್ನು ದೂರದಿಂದಲೇ ಹುಡುಕಿಕೊಂಡು ಹೋಗುತ್ತದೆ, ಹಾಗಾಗಿ ಕೋಣೆಯಲ್ಲಿ ಒಂದು ಕಿಡಿಯೂ ಇರಕೂಡದು.

ದೊಡ್ಡವರು ಕೆಲಸ ಶುರು ಮಾಡಿದರು. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದದ್ದೇ ಆಗ, ಯಾಕೆಂದರೆ ಅವರು ಬಹಳ ಚೆನ್ನಾಗಿ ಮಾಡಿದರು.

ಫ್ಲಾಸ್ಕಿನಲ್ಲಿ ಪಾಕ. ಅದು ತಣ್ಣಗಿರುವಾಗಲೇ, ಕುದಿ ಒಮ್ಮೆಲೇ ಉಕ್ಕದೆ ಸಮವಾಗಿ ಏಳಲೆಂದು ಒಂದೆರಡು ಪಿಂಗಾಣಿ ಚೂರು. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ, ಸ್ಪಿರಿಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಕುಲುಕುತ್ತ, ಕರಗಿತೇ ಎಂದು ನೋಡುತ್ತ ಹೋದರು. ಕಡಿಮೆಯಾದರೆ ಕರಗದು. ಹೆಚ್ಚಾದರೆ ತಣ್ಣಗಾದ ಮೇಲೂ ಸರಕೆಲ್ಲ ಸ್ಪಿರಿಟ್ಟಿನಲ್ಲೇ ಕೂತುಬಿಡುತ್ತದೆ. ಎಲ್ಲವೂ ಕರಗಿದ ಕ್ಷಣಕ್ಕೆ ಸರಿಯಾಗಿ ಅವರ ಕೈ ನಿಂತಿತು. ಈ ಕೈಗೆ ಇಂಥ ಬಾಯಿ ಯಾಕೆ ಕೊಟ್ಟನೋ ದೇವರು.

ಬಣ್ಣ ತೆಗೆಯಲು ಇದ್ದಿಲ ಪುಡಿ ಬೇಕಿತ್ತು. ಫ್ಲಾಸ್ಕನ್ನು ಬಿಸಿನೀರಿನಿಂದ ಎತ್ತಿ, ಕುದಿ ಅಡಗುವವರೆಗೆ ಕಾದರು.

"ಕುದಿಯೋದಕ್ಕೆ ಪುಡಿಯಾಗಲಿ ಚೂರಾಗಲಿ ಹಾಕಬಾರದು, ಗೊತ್ತೇನಮ್ಮ ಪೊಲೀಸಮ್ಮ?" ಎಂದರು. "ಹಾಕಿದ್ರೆ ಒಳಗಿರೋದೆಲ್ಲ ಒಟ್ಟಿಗೆ ಮೇಲಕ್ಕೆ ಹಾರುತ್ತೆ. ಮೊದಲ ವರ್ಷದ ಮಕ್ಕಳಿಗೆ ಹೇಳೋ ಪಾಠ. ನನ್ನ ಸೊಸೆ ಮರೆತಳು."

"ಅವಳು ಮರೆತಿರಲಿಲ್ಲ," ಎಂದಳು ಇನ್‌ಸ್ಪೆಕ್ಟರ್.

ಅವಳು ಕರವಸ್ತ್ರದ ಗಂಟಿನಂತೆ ಮಡಿಸಿದ್ದ ಪ್ಲಾಸ್ಟಿಕ್ ಚೀಲವನ್ನು ಅಕ್ಕನ ಕಡೆ ಎಸೆದಳು. ಟೀಚರ್ ಅದನ್ನು ಬಿಚ್ಚದೆಯೇ ದೊಡ್ಡವರ ಕಣ್ಣ ಮುಂದೆ ಹಿಡಿದರು. ಲ್ಯಾಬಿಗೆ ಸೀಲು ಹಾಕುವ ಮೊದಲೇ ಒಡೆದ ಫ್ಲಾಸ್ಕಿನ ತಳದಲ್ಲಿ ಸಿಕ್ಕಿ, ಬಾಯಿ ಬಿಗಿದಿಟ್ಟಿದ್ದು. ಬಿಳಿ ಪಿಂಗಾಣಿ ಚೂರುಗಳು ಒಂದು ಬಗೆ, ತೂತುತೂತಿನ ಬೂದು ಕಲ್ಲುಗಳು ಇನ್ನೊಂದು ಬಗೆ. ಬಿಳಿಯವು ಸೊಸೆ ಮೊದಲೇ ಹಾಕಿದ್ದು. ಬೂದು ಬಣ್ಣದವನ್ನು ಹಾಕಿದವರು ಯಾರು?

ದೊಡ್ಡವರು ಬಗ್ಗಿ ನೋಡಿದರು. ಒಂದು ಗಳಿಗೆ ಹುಬ್ಬು ಗಂಟಾಯಿತು, ಆಮೇಲೆ ತುಟಿ ಎಂದಿನಂತೆ ಕೊಂಕಿತು. ಇಂಥ ಅಗ್ಗದ ಕಲ್ಲು ತನ್ನ ಲ್ಯಾಬಿನ ಹೊಸ್ತಿಲು ದಾಟಿಲ್ಲ, ಹಂಡೆಗಟ್ಟಲೆ ಕುದಿಸುವ ಕಾರ್ಖಾನೆಯವರು ಬಳಸುವ ಮಾಲು ಇದು, ಎಲ್ಲಿಂದಲೋ ತಂದು ತನಗೆ ಅಂಟಿಸಬೇಡಿ ಎಂದರು.

ಕಳ್ಳ ಹೇಳುವುದೇ ಹೀಗೆ ಎಂದುಕೊಂಡಳು ಇನ್‌ಸ್ಪೆಕ್ಟರ್.

ಬಿಸಿಯಾಗಿರುವಾಗಲೇ ಸೋಸಬೇಕು. ಬೆಚ್ಚಗೆ ಮಾಡಿಟ್ಟ ಆಲಿಕೆಯಲ್ಲಿ ಮಡಿಕೆ ಮಡಿಕೆಯಾದ ಕಾಗದ ಕೂರಿಸಿ ದೊಡ್ಡವರು ಸೋಸಿದರು. ಇದ್ದಿಲು, ಕಸ, ಚೂರು ಮೇಲೆ ಉಳಿದವು. ಕೆಳಗೆ ಇಳಿದದ್ದು ನೀರಿನಷ್ಟು ತಿಳಿ. ಟೀಚರ್ ತಕ್ಷಣ ಅದನ್ನು ಎರಡು ಹೊಸ ಫ್ಲಾಸ್ಕುಗಳಿಗೆ ಪಾಲು ಮಾಡಿ, ಒಂದಕ್ಕೆ ಬಿರಡೆ ಜಡಿದು ಕೋಣೆಯ ಇನ್ನೊಂದು ಮೂಲೆಗೆ ಒಯ್ದಿಟ್ಟರು. ಇನ್ನೊಂದು ಗಾಜಿನ ತಟ್ಟೆಯ ಮುಚ್ಚಳದಡಿ ದೊಡ್ಡವರ ಮುಂದೆಯೇ ಉಳಿಯಿತು.

ಇನ್ನು ಕಾಯುವುದು. ಅವಸರದಲ್ಲಿ ತಣ್ಣಗೆ ಮಾಡಿದರೆ ಹರಳು ತನ್ನೊಳಗೆ ಕೊಳೆಯನ್ನೂ ಹಿಡಿದುಕೊಂಡು ಬರುತ್ತದೆ. ಅಲುಗಿಸದೆ, ಮುಟ್ಟದೆ ಬಿಡಬೇಕು.

ಕಾಯುವಾಗ ದೊಡ್ಡವರ ಬಾಯಿಗೆ ಬಿಡುವಿರಲಿಲ್ಲ. ಸೊಸೆಯ ವಿಷಯ ಬಂದರೆ ಅವರಿಗೆ ಉತ್ಸಾಹ. ಫ್ಲಾಸ್ಕುಗಳ ಜೊತೆ ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳಂತೆ. ಲ್ಯಾಬಿನಿಂದ ಹೊರಡುವ ಮುಂಚೆ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳಂತೆ. ಕೋಟನ್ನು ಅಲ್ಲೇ ಕಳಚಿಟ್ಟು, ಅಲ್ಲೇ ಒಗೆಯಲು ಹಾಕಿ, ಚಪ್ಪಲಿ ಕೂಡ ಬದಲಾಯಿಸಿ ಮನೆಗೆ ಬರುತ್ತಿದ್ದಳಂತೆ.

"ಲ್ಯಾಬಿನ ಒಂದು ದಾರದೆಳೆ ಮನೆಗೆ ಬಂದರೆ ಮನೆ ಮಂದಿಯೆಲ್ಲ ಸತ್ತುಹೋಗ್ತಾರೇನೋ ಅನ್ನೋ ಹಾಗೆ," ಎಂದು ನಕ್ಕರು. "ಇದು ವಿಜ್ಞಾನ ಅಲ್ಲ, ಮಡಿ."

"ಅದು ವಿಜ್ಞಾನನೇ," ಎಂದರು ಟೀಚರ್. "ನೀವು ಕೋಟು ಹಾಕ್ಕೊಂಡೇ ಬೀದೀಲಿ ಬಂದ್ರಲ್ಲ, ಅದು ಶೋಕಿ."

ದೊಡ್ಡವರು ಗಡ್ಡ ನೇವರಿಸಿಕೊಂಡರು. ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ, ಇನ್ನೂ ಸ್ವಲ್ಪ ಬಗ್ಗಿ ನೇವರಿಸಿ ಸ್ವಾಮಿ, ಎಂದಳು.

ಇಂಥವರ ಮನೆಯಲ್ಲಿ ಅಂಥ ಮಗ ಹೇಗೆ ಹುಟ್ಟಿದನೋ ಎಂದು ಅವಳಿಗೆ ಆಶ್ಚರ್ಯ. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅವನು ಹೆಂಡತಿಯ ತಲೆಗೆ ದಿಂಬು ಎತ್ತರಿಸಿ, ಚಮಚದಲ್ಲಿ ಗಂಜಿಯ ತಿಳಿ ಕುಡಿಸುತ್ತಿದ್ದ. ಮಾತ್ರೆ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವನಿಗೆ ಕೆಲಸ. ಅಪಘಾತದ ದಿನದಿಂದ ರಜೆ ಹಾಕಿ ಮಂಚದ ಪಕ್ಕ ಬಿಟ್ಟು ಎದ್ದಿಲ್ಲ. ಹೆಂಡತಿಯ ಲ್ಯಾಬಿನ ಬಾಗಿಲು ಯಾವ ದಿಕ್ಕಿಗಿದೆ ಅಂತಲೂ ನಂಗೊತ್ತಿಲ್ಲ ಮೇಡಂ, ಗೊತ್ತಿದ್ದಿದ್ರೆ ಅವತ್ತು ಓಡಿ ಹೋಗ್ತಿದ್ದೆ ಎನ್ನುತ್ತ ಕಣ್ಣೊರೆಸಿಕೊಂಡಿದ್ದ. ನರ್ಸುಗಳೆಲ್ಲ ಗಂಡ ಅಂದ್ರೆ ಹೀಗಿರಬೇಕು ಎನ್ನುತ್ತಿದ್ದರು. ಇನ್‌ಸ್ಪೆಕ್ಟರೂ ತನ್ನ ಮನೆಯವನನ್ನು ನೆನೆಸಿಕೊಂಡು ಅದೇ ಮಾತು ಅಂದುಕೊಂಡಿದ್ದಳು.

ಇನ್‌ಸ್ಪೆಕ್ಟರ್ ಅಲ್ಲಿಂದ ಹೊರಡುವ ಮುಂಚೆ ಸೊಸೆ ಬ್ಯಾಂಡೇಜಿನ ಸಂದಿಯಿಂದ ಏನೋ ಹೇಳಲು ನೋಡಿದ್ದಳು. ಆ ತೋಳಿನ ಬಗ್ಗೆ ಇನ್ನೂ ಏನೋ ನೆನಪಾಗ್ತಿದೆ ಎಂದಿದ್ದಳು. ಗಂಡ ಅವಳ ಹಣೆ ಸವರಿ, ಆಯಾಸ ಮಾಡ್ಕೋಬೇಡ, ಸಾಯಂಕಾಲ ಹೇಳುವೆಯಂತೆ ಎಂದು ಸಮಾಧಾನ ಮಾಡಿದ್ದ.

ಫ್ಲಾಸ್ಕು ತಣ್ಣಗಾಯಿತು. ಒಳಗೆ ಏನೂ ಇಲ್ಲ. ತಿಳಿ ನೀರು.

"ನೋಡಿದ್ರಾ?" ದೊಡ್ಡವರು ಗೆದ್ದವರ ಹಾಗೆ ಎದ್ದು ನಿಂತರು. ಮುಚ್ಚಳ ತೆಗೆದು, ಫ್ಲಾಸ್ಕನ್ನು ಎಡಗೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬಲಗೈಯನ್ನು ಪಾಠ ಹೇಳುವವರಂತೆ ಅದರ ಮೇಲೆ ಆಡಿಸಿದರು. ಎಲ್ಲಿದೆ ಹರಳು? ಎಲ್ಲಿದೆ ಆ ಮಹಾ ಸಂಶೋಧನೆ? ಬೆಳ್ಳಿ ತಟ್ಟೇಲಿ ಇಟ್ಟು ಕೊಟ್ಟರೂ ಅವಳಂಥವರ ಕೈಗೆ ಇದು ದಕ್ಕೋದಲ್ಲ, ಎಂದರು.

ಬಲಗೈಯ ಮಡಿಕೆ ಸಡಿಲಿತು. ಉದ್ದ ತೋಳು ಜಾರಿ ಫ್ಲಾಸ್ಕಿನ ಬಾಯಿಗೆ ಸವರಿತು. ಥತ್ ಎಂದು ಅದನ್ನು ಕೊಡವಿ ಮೇಲಕ್ಕೆ ಸರಿಸಿಕೊಂಡು, ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು.

ಮೊದಲು ಕಂಡದ್ದು ಟೀಚರಿಗೆ. ಅವರು ತಂಗಿಯ ಕಡೆ ಬೆರಳು ಮಾಡಿ ಕರೆದರು.

ಗಾಜಿನ ಒಂದು ಪಕ್ಕದಲ್ಲಿ ಬಿಳಿ ಚುಕ್ಕೆ. ನೋಡುತ್ತಿದ್ದಂತೆ ಚುಕ್ಕೆಗೆ ಮುಳ್ಳು ಮೂಡಿತು. ಮುಳ್ಳಿನಿಂದ ಮುಳ್ಳು. ಸೂಜಿಗಳು ಒಂದರ ಬೆನ್ನಿಗೆ ಒಂದು ಏಳುತ್ತ, ಹಕ್ಕಿಯ ಗರಿ ಬಿಚ್ಚಿದ ಹಾಗೆ ಹರಡುತ್ತ, ಫ್ಲಾಸ್ಕಿನ ಈ ಬದಿಯಿಂದ ಆ ಬದಿಗೆ ಹರಿದವು. ತಿಳಿ ನೀರಿದ್ದಲ್ಲಿ ಈಗ ಬೆಳ್ಳಗೆ ಹೊಳೆಯುವ ಹರಳಿನ ಪೊದೆ.

ಟೀಚರ್ ಮೂಲೆಗೆ ಹೋಗಿ ಬಿರಡೆ ಜಡಿದಿದ್ದ ಫ್ಲಾಸ್ಕನ್ನು ತಂದರು. ತಿಳಿಯಾಗಿಯೇ ಇತ್ತು. ಬಿರಡೆ ತೆಗೆದು ತೊಳೆದ ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಗೀಚಿದರು. ಹಟಮಾರಿ ಹರಳನ್ನು ಎಬ್ಬಿಸುವ ಹಳೆಯ ಉಪಾಯ ಅದು. ಏನೂ ಬರಲಿಲ್ಲ. ಹೆಪ್ಪಿಲ್ಲದ ಹಾಲು.

ಇನ್‌ಸ್ಪೆಕ್ಟರ್ ಈ ಗಳಿಗೆಯನ್ನು ರಾತ್ರಿಯೆಲ್ಲ ಕನಸು ಕಂಡಿದ್ದಳು. ನಿಧಾನವಾಗಿ ಮೇಜಿನ ಬಳಿ ಬಂದಳು.

"ಹರಳು ಇರಲೇ ಇಲ್ಲ ಅಂದ್ರಲ್ಲ ದೊಡ್ಡವರೇ," ಎಂದಳು. "ಈಗ ನಿಮ್ಮ ಗಡ್ಡದಿಂದಲೇ ಉದುರಿತಲ್ಲ. ಶೀಶೆ ಎಲ್ಲಿಟ್ಟಿದ್ದೀರಿ?"

ದೊಡ್ಡವರು ಅವಳ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಕ್ಕಳ ಕನ್ನಡಕದ ಹಿಂದೆ ಅವರ ಕಣ್ಣು ಹರಳಿನ ಮೇಲೆಯೇ ನಿಂತಿತ್ತು. ಮುಖದಲ್ಲಿನ ಕೊಂಕು ಎಲ್ಲೋ ಕಳಚಿ ಬಿದ್ದು, ಒಳಗಿನಿಂದ ಯಾರೋ ಸಾಮಾನ್ಯ ಮುದುಕರೊಬ್ಬರು ಇಣುಕಿದ ಹಾಗಿತ್ತು.

"ಹುಡುಗಿ ಸುಳ್ಳು ಹೇಳಿರಲಿಲ್ಲ," ಎಂದರು.

"ಅದು ನಮಗೆ ಮೊದಲೇ ಗೊತ್ತಿತ್ತು. ಶೀಶೆ ಎಲ್ಲಿ?"

"ಗಡ್ಡ ಅಲ್ಲ ಕಣೇ," ಎಂದರು ಟೀಚರ್. ಅವರ ಧ್ವನಿಯಲ್ಲಿ ಈಗ ಚುಚ್ಚುಮಾತಿರಲಿಲ್ಲ. "ಇಷ್ಟು ಹೊತ್ತೂ ನೇವರಿಸ್ತಾನೇ ಇದ್ರು, ಏನೂ ಆಗಲಿಲ್ಲ. ಎಲ್ಲಿಂದ ಶುರುವಾಯ್ತು ನೋಡು. ಆ ತೋಳು ಸವರಿದ ಕಡೆಯಿಂದ."

ಮೂವರೂ ತೋಳನ್ನು ನೋಡಿದರು. ಬಿಚ್ಚಿದ ಮಡಿಕೆ ದೊಡ್ಡವರ ಬೆರಳ ತುದಿಯನ್ನೂ ಮುಚ್ಚಿ ಜೋತಾಡುತ್ತಿತ್ತು. ಮಡಿಕೆಯೊಳಗೆ ಅಡಗಿದ್ದ ಬಟ್ಟೆಯಲ್ಲಿ, ಸುಣ್ಣದ ಗೋಡೆಗೆ ಉಜ್ಜಿಕೊಂಡಂಥ ಒಂದು ಬಿಳಿ ಗೆರೆ.

ದೊಡ್ಡವರು ಆ ತೋಳನ್ನು ಮೈಯಿಂದ ದೂರ ಹಿಡಿದರು.

"ಈ ಕೋಟು ನಂದಲ್ಲ."

"ಮತ್ತೆ ಯಾರದು?"

"ನನ್ನದನ್ನ ನೀವೇ ಲ್ಯಾಬಿನೊಳಗಿಟ್ಟು ಸೀಲು ಹಾಕಿದ್ದೀರಲ್ಲಮ್ಮ. ಬೆಳಿಗ್ಗೆ ಹೊರಡೋವಾಗ ಮನೇಲಿ ಬಾಗಿಲ ಹಿಂದೆ ನೇತಾಡ್ತಿತ್ತು. ಹಾಕ್ಕೊಂಡು ಬಂದೆ." ಅವರು ತೋಳಿನ ಬಿಳಿ ಗೆರೆಯನ್ನು ಇನ್ನೊಮ್ಮೆ ನೋಡಿದರು. "ಮಗಂದು. ಕಾರ್ಖಾನೆಗೆ ಹಾಕ್ಕೊಂಡು ಹೋಗೋದು."

ನಲ್ಲಿ ತೊಟ್ಟಿಕ್ಕುತ್ತಿತ್ತು.

ಇನ್‌ಸ್ಪೆಕ್ಟರಿಗೆ ಇನ್ನೂ ಆ ಮಾತನ್ನು ಒಪ್ಪಲು ಮನಸ್ಸಿರಲಿಲ್ಲ. ಒಂದೇ ಮನೆ, ಹೆಂಡತಿಯ ಬಟ್ಟೆಯಿಂದ ಗಂಡನ ಬಟ್ಟೆಗೆ ಧೂಳು ಹತ್ತಿರಬಹುದು ಎನ್ನಲು ಬಾಯಿ ತೆರೆದಳು. ಆದರೆ ಉಜ್ಜಿ ಉಜ್ಜಿ ತೊಳೆದ ಕೈ, ಲ್ಯಾಬಿನಲ್ಲೇ ಕಳಚಿಟ್ಟ ಕೋಟು, ಬದಲಾಯಿಸಿದ ಚಪ್ಪಲಿ ನೆನಪಾಗಿ ಬಾಯಿ ಮುಚ್ಚಿದಳು. ಒಂದು ದಾರದೆಳೆಯೂ ಮನೆಗೆ ಬಂದಿರಲಿಲ್ಲ. ಬಾಗಿಲು ಯಾವ ದಿಕ್ಕಿಗಿದೆ ಎಂದು ತಿಳಿಯದವನ ತೋಳಿಗೆ ಲ್ಯಾಬಿನ ಹರಳು ಹತ್ತಿದ್ದು ಹೇಗೆ? ಕಾರ್ಖಾನೆಯ ಬೂದು ಕಲ್ಲು ಫ್ಲಾಸ್ಕಿಗೆ ಬಂದದ್ದು ಯಾರ ಜೇಬಿನಿಂದ? ಹೊಸ ಔಷಧದ ಶೀಶೆಗೆ ಮಾತ್ರೆ ಕಾರ್ಖಾನೆಯಲ್ಲಿ ಎಷ್ಟು ಬೆಲೆ?

ಕಲ್ಲು ಕಾರ್ಖಾನೆಯದೆಂದು ಈ ಮನುಷ್ಯ ಬಾಯಿ ಬಿಟ್ಟು ಹೇಳಿದ್ದರು. ಮಡಿಚಿದ ತೋಳೂ ಕಣ್ಣ ಮುಂದೆಯೇ ಇತ್ತು. ಗಡ್ಡದ ಮೇಲಿನ ಸಿಟ್ಟಿನಲ್ಲಿ ಅವಳು ಎರಡನ್ನೂ ನಗೆಯಾಡಿ ತಳ್ಳಿದ್ದಳು.

"ಅವನು ಈಗ ಎಲ್ಲಿದ್ದಾನೆ?" ಎಂದು ಕೇಳಿದರು ದೊಡ್ಡವರು. ಕೇಳುತ್ತಿದ್ದಂತೆ ಉತ್ತರ ಅವರಿಗೇ ಹೊಳೆಯಿತು. ಕೋಟನ್ನು ಕಿತ್ತೆಸೆಯುವವರಂತೆ ಗುಂಡಿಗಳ ಜೊತೆ ಗುದ್ದಾಡತೊಡಗಿದರು. ಒಂದೂ ಬಿಚ್ಚಲಿಲ್ಲ.

ಇನ್‌ಸ್ಪೆಕ್ಟರ್ ಆಗಲೇ ಫೋನು ಒತ್ತಿ ಕಿವಿಗಿಟ್ಟಿದ್ದಳು. ಆಸ್ಪತ್ರೆಯ ಆ ಕೋಣೆಯ ಬಾಗಿಲಿಗೆ ಬೆಳಿಗ್ಗೆ ಅವಳೇ ಒಬ್ಬ ಪೇದೆಯನ್ನು ನಿಲ್ಲಿಸಿ ಬಂದಿದ್ದಳು. ಮಾವ ಬಂದರೆ ಒಳಗೆ ಬಿಡಬೇಡ ಎಂದಿದ್ದಳು. ಡಾಕ್ಟರನ್ನೂ ನರ್ಸನ್ನೂ ಯಾರೆಂದು ವಿಚಾರಿಸಿಯೇ ಒಳಗೆ ಬಿಡು ಎಂದಿದ್ದಳು. ಇನ್ನೊಂದು ಮಾತನ್ನೂ ಎರಡು ಸಲ ಒತ್ತಿ ಹೇಳಿದ್ದಳು.

ಪೇದೆಯ ದನಿ ಉಲ್ಲಾಸವಾಗಿತ್ತು.

"ನೀವು ಹೇಳಿದ ಹಾಗೇ ಮಾಡಿದೀನಿ ಮೇಡಂ, ಒಂದು ನರಪಿಳ್ಳೇನೂ ಒಳಗೆ ಬಿಟ್ಟಿಲ್ಲ. ತಡೀಲೇಬೇಡ ಅಂದಿದ್ರಲ್ಲ, ಅವರ ಯಜಮಾನ್ರು ಒಬ್ಬರೇ ಇದ್ದಾರೆ. ಆಯಮ್ಮ ಅದೇನೋ ನೆನಪಾಯ್ತು ಅಂತ ಮಾತಾಡೋಕೆ ಶುರು ಮಾಡಿದ್ರು, ಜೋರಾಗಿ. ಪಾಪ, ಯಾರೂ ತೊಂದರೆ ಕೊಡೋದು ಬೇಡ ಅಂತ ಯಜಮಾನ್ರು ಈಗ ತಾನೇ ಒಳಗಿಂದ ಚಿಲಕ ಹಾಕ್ಕೊಂಡ್ರು."